ಬಿಳಿ ಚೆಂಡಿನ ವೇಗ, ಸ್ಪಿನ್ ಮತ್ತು ಕ್ಯೂ ಹಿಡಿದ ಕೈ

ಕಲಬುರಗಿಯ ಸ್ನೂಕರ್ ಪಾರ್ಲರ್‌ಗಳಿಗೆ ಪೂಲ್ ಕಲಿಯಲು ಬರುವ ಹುಡುಗರಲ್ಲಿ ಅನೇಕರು ಅದಕ್ಕೂ ಮೊದಲು ಓಣಿಯ ಕಟ್ಟೆಯ ಮೇಲೆ, ಹಾಸ್ಟೆಲ್ ಕೋಣೆಯಲ್ಲಿ ಕೇರಂ ಆಡಿ ಪಳಗಿದವರು. ಕೋನ ಅಳೆಯುವ ಕಣ್ಣು ಆಗಲೇ ಬಂದಿರುವುದರಿಂದ ಬಣ್ಣದ ಚೆಂಡನ್ನು ಪಾಕೆಟ್‌ಗೆ ಕಳಿಸುವ ಕೆಲಸ ಅವರಿಗೆ ಬೇಗ ಕೈಹತ್ತುತ್ತದೆ. ಹತ್ತದೆ ಉಳಿಯುವುದು, ಕ್ಯೂ ಎಂಬ ಕೋಲಿನಿಂದ ನೇರವಾಗಿ ಹೊಡೆಯುವ ಬಿಳಿ ಚೆಂಡಿನ ನಡೆ. ಬಣ್ಣದ ಚೆಂಡು ಪಾಕೆಟ್ ಸೇರಿದ ಮೇಲೆ ಬಿಳಿಯದು ಎಲ್ಲಿ ಹೋಗಿ ನಿಲ್ಲಬೇಕೆಂಬ ಯೋಚನೆಯೇ ಈ ಆಟದ ಅರ್ಧಕ್ಕಿಂತ ಹೆಚ್ಚಿನ ಭಾಗ ಎಂಬುದು ನನ್ನ ಅಭಿಪ್ರಾಯ. ಅದನ್ನು ಬಿಟ್ಟು ಆಡುವವರು ಒಂದು ಚೆಂಡು ಹಾಕಿದ ಸಂತೋಷದಲ್ಲಿರುವಾಗಲೇ ಮುಂದಿನ ಹೊಡೆತವನ್ನು ಕಠಿಣ ಮಾಡಿಕೊಂಡಿರುತ್ತಾರೆ.

ಕೇರಂನ ಅನುಭವ ಈ ಒಂದು ವಿಷಯದಲ್ಲಿ ಕೈಕೊಡುವುದಕ್ಕೆ ಕಾರಣವಿದೆ. ಸ್ಟ್ರೈಕರ್ 15 ಗ್ರಾಂವರೆಗೆ ತೂಗುತ್ತದೆ, ಕಾಯಿ ಅದರ ಮೂರನೇ ಒಂದು ಭಾಗದಷ್ಟು. ಹೀಗಾಗಿ ನೆಟ್ಟಗೆ ಬಡಿದಾಗಲೂ ಸ್ಟ್ರೈಕರ್ ಕಾಯಿಯ ಬೆನ್ನು ಹಿಡಿದು ಮುಂದಕ್ಕೆ ಸಾಗುತ್ತದೆ. ಮೇಲಾಗಿ ಅದು ಪೌಡರ್ ಮೇಲೆ ಜಾರುವ ವಸ್ತು, ಉರುಳುವ ವಸ್ತುವಲ್ಲ. ಪೂಲ್‌ನಲ್ಲಿ ಎಲ್ಲ ಚೆಂಡುಗಳ ವ್ಯಾಸವೂ 57.15 ಮಿ.ಮೀ.; ತೂಕ ಸುಮಾರು 156ರಿಂದ 170 ಗ್ರಾಂ ಒಳಗೆ, ಒಂದೇ ಸೆಟ್ಟಿನಲ್ಲಿ ಬಹುತೇಕ ಸಮ. ಸಮತೂಕದ ಎರಡು ಚೆಂಡುಗಳು ನೆಟ್ಟಗೆ ಡಿಕ್ಕಿಯಾದರೆ ಓಡಿ ಬಂದ ಚೆಂಡು ತನ್ನ ವೇಗವನ್ನೆಲ್ಲ ಹೆಚ್ಚುಕಡಿಮೆ ಎದುರಿನದಕ್ಕೆ ಒಪ್ಪಿಸಿಬಿಡುತ್ತದೆ. ಆದರೆ ಅದು ಒಪ್ಪಿಸುವುದು ವೇಗವನ್ನು ಮಾತ್ರ. ನುಣುಪಾದ ಚೆಂಡುಗಳ ನಡುವಿನ ಘರ್ಷಣೆ ಅತ್ಯಲ್ಪವಾದುದರಿಂದ ಸ್ಪಿನ್ ಬಹುಪಾಲು ಬಿಳಿ ಚೆಂಡಿನಲ್ಲೇ ಉಳಿಯುತ್ತದೆ, ಮತ್ತು ಆ ಉಳಿದ ಸ್ಪಿನ್ ಮೇಜಿಗೆ ಹಾಸಿದ ಬಟ್ಟೆಯನ್ನು ಕಚ್ಚಿಕೊಂಡು ಚೆಂಡನ್ನು ಮುಂದಕ್ಕೋ ಹಿಂದಕ್ಕೋ ಒಯ್ಯುತ್ತದೆ. ಎದುರಿನ ಚೆಂಡನ್ನು ಮುಟ್ಟುವ ಗಳಿಗೆಯಲ್ಲಿ ಎಷ್ಟು ಸ್ಪಿನ್ ಉಳಿದಿದೆ ಎಂಬುದೇ ಬಿಳಿ ಚೆಂಡಿನ ಮುಂದಿನ ದಾರಿಯನ್ನು ನಿರ್ಧರಿಸುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಮೊದಲು ಟಿಪ್, ಅಂದರೆ ಕ್ಯೂವಿನ ಚರ್ಮದ ತುದಿ, ಚೆಂಡನ್ನು ಮುಟ್ಟುವ ಕ್ಷಣವನ್ನು ನೋಡೋಣ. ಇವೆರಡೂ ಕೂಡಿಕೊಂಡಿರುವ ಅವಧಿ ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ, ಸಾಧಾರಣ ಹೊಡೆತದಲ್ಲಿ ಅಷ್ಟರೊಳಗೆ ಟಿಪ್ ಮುಂದೆ ಸರಿಯುವುದು ಕೆಲವೇ ಮಿಲಿಮೀಟರ್. ಕ್ಯೂ ಚೆಂಡಿಗಿಂತ ಸುಮಾರು ಮೂರು ಪಟ್ಟು ಭಾರವಿರುವುದರಿಂದ, ನಡುಮಧ್ಯಕ್ಕೆ ಬಿದ್ದ ಹೊಡೆತದಲ್ಲಿ ಚೆಂಡು ಟಿಪ್‌ಗಿಂತ ಮೂರನೇ ಒಂದು ಭಾಗದಷ್ಟು ಹೆಚ್ಚಿನ ವೇಗದಲ್ಲಿ ಚಿಮ್ಮಿ ಹೋಗುತ್ತದೆ; ಆಮೇಲೆ ಕ್ಯೂ ಅದನ್ನು ಬೆನ್ನಟ್ಟಿ ಹಿಡಿಯಲಾರದು. ಹೀಗಾಗಿ ಚೆಂಡಿಗೆ ಗೊತ್ತಾಗುವ ಸಂಗತಿಗಳು ಮೂರೇ: ಟಿಪ್ ಎಲ್ಲಿ ಮುಟ್ಟಿತು, ಯಾವ ದಿಕ್ಕಿನಲ್ಲಿ ಬಂತು, ಎಷ್ಟು ವೇಗದಲ್ಲಿ ಬಂತು. ಮಣಿಕಟ್ಟನ್ನು ಕೊನೆಯಲ್ಲಿ ಕೊಡವಿದರೆ ಸ್ಪಿನ್ ಹೆಚ್ಚುತ್ತದೆ, ಕ್ಯೂವನ್ನು ಥಟ್ಟನೆ ಹಿಂದಕ್ಕೆಳೆದರೆ ಚೆಂಡೂ ಹಿಂದಕ್ಕೆ ಬರುತ್ತದೆ ಎಂದು ಪಾರ್ಲರ್‌ಗಳಲ್ಲಿ ಧೈರ್ಯವಾಗಿ ಹೇಳುವವರಿದ್ದಾರೆ. ಅವು ಆ ಮೂರರಲ್ಲಿ ಒಂದನ್ನು ಬದಲಿಸಿದ ಮಟ್ಟಿಗೆ ಮಾತ್ರ ಪರಿಣಾಮ ಬೀರುತ್ತವೆ, ಮತ್ತು ಸಾಮಾನ್ಯವಾಗಿ ಬದಲಿಸುವುದು ಕೆಟ್ಟದ್ದಕ್ಕೇ. ಈ ಚಲನೆಯ ಗಣಿತ ಹೊಸದೇನಲ್ಲ. ಫ್ರಾನ್ಸಿನ ಗಣಿತಜ್ಞ ಕೊರಿಯೊಲಿಸ್ 1835ರಲ್ಲೇ ಬಿಲಿಯರ್ಡ್ಸ್ ಚೆಂಡಿನ ಚಲನೆಯ ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದ್ದ.

ಎಲ್ಲಿ ಮುಟ್ಟಬೇಕು ಎಂಬುದಕ್ಕೆ ಅಳತೆಯುಂಟು. ಚೆಂಡಿನ ಕೇಂದ್ರ ಬಟ್ಟೆಯಿಂದ 28.6 ಮಿ.ಮೀ. ಎತ್ತರದಲ್ಲಿರುತ್ತದೆ. ಕೇಂದ್ರಕ್ಕಿಂತ ಸುಮಾರು 11.4 ಮಿ.ಮೀ. ಮೇಲೆ, ಅಂದರೆ ತ್ರಿಜ್ಯದ ಐದರಲ್ಲಿ ಎರಡು ಭಾಗ ಮೇಲೆ ಹೊಡೆದರೆ ಚೆಂಡು ಮೊದಲ ಕ್ಷಣದಿಂದಲೇ ಒಂದಿಷ್ಟೂ ಜಾರದೆ ಉರುಳುತ್ತ ಹೊರಡುತ್ತದೆ. ಅಷ್ಟೇ ದೂರ ಕೆಳಗೆ ಹೊಡೆದರೆ ಅದೇ ಪ್ರಮಾಣದ ಸ್ಪಿನ್ ಹಿಮ್ಮುಖವಾಗಿ ಸಿಗುತ್ತದೆ. ಕೇಂದ್ರದಿಂದ ಯಾವ ಕಡೆಗಾದರೂ 14 ಮಿ.ಮೀ. ದಾಟಿದರೆ, ಅಂದರೆ ತ್ರಿಜ್ಯದ ಅರ್ಧ ಮೀರಿದರೆ, ಟಿಪ್ ಜಾರಿ ಮಿಸ್‌ಕ್ಯೂ ಆಗುವ ಸಂಭವವೇ ಹೆಚ್ಚು. ಆ ಗಡಿಯವರೆಗಾದರೂ ಹೋಗಲು ಸಾಧ್ಯವಾಗುವುದು ಚಾಕ್‌ನಿಂದ. 1897ರಲ್ಲಿ ಅಮೆರಿಕದ ಸ್ಪಿಂಕ್ಸ್ ಮತ್ತು ಹಾಸ್ಕಿನ್ಸ್ ಎಂಬಿಬ್ಬರು ಪೇಟೆಂಟ್ ಪಡೆದ ಚಾಕ್‌ನಲ್ಲಿ ಸುಣ್ಣದ ಬದಲು ಸಿಲಿಕಾ ಮತ್ತು ಉಜ್ಜುವ ಗುಣದ ಖನಿಜದ ಪುಡಿ ಇತ್ತು. ಚರ್ಮದ ಟಿಪ್ ನುಣುಪು ಚೆಂಡನ್ನು ಹಿಡಿದುಕೊಳ್ಳುವುದು ಅಂಥ ಪುಡಿಯಿಂದಲೇ. ಪ್ರತಿ ಹೊಡೆತಕ್ಕೂ ಮುನ್ನ ಟಿಪ್‌ನ ಅಂಚಿನವರೆಗೆ ತೆಳುವಾಗಿ ಚಾಕ್ ಬಳಿಯುವುದನ್ನು ಶೋಕಿ ಎಂದು ತಿಳಿಯಬಾರದು. ಕೆಳಗೆ ಹೊಡೆಯುವಾಗ ಚೆಂಡನ್ನು ಮುಟ್ಟುವುದು ಟಿಪ್‌ನ ನಡು ಭಾಗವಲ್ಲ, ಅದರ ಮೇಲಂಚು.

ಟಿಪ್ ಬಿಟ್ಟ ಮೇಲೆ ಬಟ್ಟೆಯ ಕೆಲಸ ಆರಂಭವಾಗುತ್ತದೆ. ನಡುಮಧ್ಯಕ್ಕೆ ಹೊಡೆದ ಚೆಂಡು ಮೊದಲು ಸ್ಪಿನ್ ಇಲ್ಲದೆ ಜಾರುತ್ತದೆ. ಬಟ್ಟೆ ಅದರ ಅಡಿಯನ್ನು ಹಿಡಿದು ಹಿಡಿದು ಉರುಳಲು ಹಚ್ಚುತ್ತದೆ, ಪೂರ್ತಿ ಉರುಳತೊಡಗುವಷ್ಟರಲ್ಲಿ ಅದರ ವೇಗ ಮೊದಲಿನ ಏಳರಲ್ಲಿ ಐದು ಭಾಗಕ್ಕೆ ಇಳಿದಿರುತ್ತದೆ. ಶುಚಿಯಾದ ಬಟ್ಟೆಯ ಘರ್ಷಣಾಂಕ 0.2 ಎಂದು ಹಿಡಿದು ಲೆಕ್ಕ ಹಾಕಿದರೆ, ಸೆಕೆಂಡಿಗೆ 1 ಮೀಟರ್ ವೇಗದ ಚೆಂಡು ಹನ್ನೆರಡು ಸೆಂ.ಮೀ. ದಾಟುವುದರೊಳಗೆ ಉರುಳತೊಡಗುತ್ತದೆ, 2 ಮೀಟರ್ ವೇಗದ್ದು ಅರ್ಧ ಮೀಟರ್ ಜಾರುತ್ತದೆ, 3 ಮೀಟರ್ ವೇಗದ್ದು ಒಂದು ಮೀಟರಿಗೂ ಹೆಚ್ಚು. ವೇಗ ಇಮ್ಮಡಿಯಾದರೆ ಜಾರುವ ದೂರ ನಾಲ್ಮಡಿಯಾಗುತ್ತದೆ. ಹಗುರವಾಗಿ ಹೊಡೆದ ಚೆಂಡು ದೂರದ ಗುರಿ ಮುಟ್ಟುವಷ್ಟರಲ್ಲಿ, ಆಟಗಾರ ಎಲ್ಲಿ ಹೊಡೆದಿದ್ದರೂ ಸರಿ, ಸಹಜವಾಗಿ ಉರುಳುತ್ತಲೇ ಇರುತ್ತದೆ ಎಂಬುದು ಇದರಿಂದ ಹೊರಡುವ ತೀರ್ಮಾನ.

ಹಿಮ್ಮುಖ ಸ್ಪಿನ್‌ನ ಹೊಡೆತವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಇದನ್ನು ಕೆಲವರು ಡ್ರಾ ಎನ್ನುತ್ತಾರೆ, ಸ್ನೂಕರ್ ಆಡಿ ಬಂದವರು ಸ್ಕ್ರೂ ಎನ್ನುತ್ತಾರೆ. ಕೇಂದ್ರದಿಂದ 11.4 ಮಿ.ಮೀ. ಕೆಳಗೆ ಮುಟ್ಟಿದ ಹೊಡೆತದಿಂದ ಬಿಳಿ ಚೆಂಡು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೊರಟಿದೆ ಎಂದಿಟ್ಟುಕೊಳ್ಳಿ. ಚೆಂಡು ಹಿಂದಕ್ಕೆ ತಿರುಗುತ್ತ ಮುಂದಕ್ಕೆ ಹೋಗುತ್ತಿದೆ. ಬಟ್ಟೆ ಒಂದೊಂದು ಸೆಂಟಿಮೀಟರಿಗೂ ಆ ತಿರುಗುವಿಕೆಯನ್ನು ಕಿತ್ತುಕೊಳ್ಳುತ್ತಿದೆ. ಮೇಲಿನ ಘರ್ಷಣಾಂಕದ ಪ್ರಕಾರ ಸುಮಾರು 65 ಸೆಂ.ಮೀ. ಹೋಗುವಷ್ಟರಲ್ಲಿ ಹಿಮ್ಮುಖ ಸ್ಪಿನ್ ಪೂರ್ತಿ ಕರಗಿರುತ್ತದೆ. 83 ಸೆಂ.ಮೀ. ತಲುಪುವಷ್ಟರಲ್ಲಿ ಅದೇ ಚೆಂಡು ಮುಂದಕ್ಕೆ ಸಹಜವಾಗಿ ಉರುಳುತ್ತಿರುತ್ತದೆ. ಹಾಗಾದರೆ ಅದೇ ಕೈ, ಅದೇ ಬಿಂದು, ಅದೇ ವೇಗವಿದ್ದರೂ ಗುರಿಯ ಚೆಂಡು 30 ಸೆಂ.ಮೀ. ದೂರದಲ್ಲಿದ್ದರೆ ಬಿಳಿ ಚೆಂಡು ಹಿಂದಕ್ಕೆ ಬರುತ್ತದೆ, 65ರಲ್ಲಿದ್ದರೆ ಮುಟ್ಟಿದ ಜಾಗದಲ್ಲೇ ನಿಲ್ಲುತ್ತದೆ, ಒಂದು ಮೀಟರ್ ದೂರದಲ್ಲಿದ್ದರೆ ಹಿಂಬಾಲಿಸಿ ಮುಂದಕ್ಕೆ ಹೋಗುತ್ತದೆ. ಕೆಳಗೇ ಹೊಡೆದೆನಲ್ಲ, ಯಾಕೆ ಹಿಂದೆ ಬರಲಿಲ್ಲ ಎಂದು ಹೊಸಬರು ಕೇಳುವ ಪ್ರಶ್ನೆಗೆ ಉತ್ತರ ಬಹುತೇಕ ಸಲ ಈ ಲೆಕ್ಕದಲ್ಲೇ ಇರುತ್ತದೆ: ದೂರಕ್ಕೆ ತಕ್ಕ ವೇಗವಿರಲಿಲ್ಲ, ಸ್ಪಿನ್ ದಾರಿಯಲ್ಲೇ ಮುಗಿದುಹೋಯಿತು.

ನಮ್ಮ ಊರಿನ ಹವೆ ಈ ಲೆಕ್ಕದೊಳಗೆ ಬಂದೇ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಸೆಕೆ ತಾಳಲಾರದೆ ಬಾಗಿಲು ತೆರೆದಿಟ್ಟು ಫ್ಯಾನ್ ಹಚ್ಚಿದ ಪಾರ್ಲರ್‌ನಲ್ಲಿ ಬೀದಿಯ ಧೂಳೆಲ್ಲ ಬಟ್ಟೆಯ ಮೇಲೆ ಇಳಿಯುತ್ತದೆ. ಅದರೊಂದಿಗೆ ಚಾಕ್‌ನ ಪುಡಿಯೂ ಕೂಡಿಕೊಳ್ಳುತ್ತದೆ. ಘರ್ಷಣೆ ಕಾಲು ಪಾಲು ಹೆಚ್ಚಿತೆಂದರೆ ಮೇಲಿನ 65 ಸೆಂ.ಮೀ. 52ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿಕೊಂಡಾಗ ಚೆಂಡಿನ ಓಟವೇ ಮಂದವಾಗುತ್ತದೆ. ಆದ್ದರಿಂದ ಯಾವುದೇ ಮೇಜಿಗೆ ಹೋದರೂ ಆಟ ಹೂಡುವ ಮೊದಲು ಒಂದೆರಡು ಚೆಂಡು ಹೊಡೆದು ಬಟ್ಟೆಯನ್ನು ಅರಿತುಕೊಳ್ಳುವುದು, ಮಾಲೀಕರು ಒಪ್ಪಿದರೆ ಬ್ರಷ್ ಕೇಳಿ ಪಡೆದು ಮೇಜಿನುದ್ದಕ್ಕೆ ಒಂದೇ ದಿಕ್ಕಿನಲ್ಲಿ ಬಟ್ಟೆ ಒರೆಸುವುದು, ಚೆಂಡುಗಳನ್ನು ಒಣಬಟ್ಟೆಯಿಂದ ಉಜ್ಜುವುದು ಒಳ್ಳೆಯದು. ಸ್ನೂಕರ್ ಮೇಜಿನಿಂದ ಪೂಲ್ ಮೇಜಿಗೆ ಬರುವವರು ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು: ಅಲ್ಲಿನ ಚೆಂಡು 52.5 ಮಿ.ಮೀ. ಮಾತ್ರ, ಅಲ್ಲಿನ ಬಟ್ಟೆಗೆ ಒಂದು ದಿಕ್ಕಿಗೆ ಮಲಗಿದ ಎಳೆಗಳಿರುತ್ತವೆ, ಆದ್ದರಿಂದ ಅಲ್ಲಿ ಕೈಗೆ ಕೂತ ಅಂದಾಜು ಇಲ್ಲಿ ಹಾಗೆಯೇ ನಡೆಯುವುದಿಲ್ಲ.

ಈಗ ಕೈಯ ವಿಷಯಕ್ಕೆ ಬರೋಣ. ಟಿಪ್ ನಿರ್ದಿಷ್ಟ ಬಿಂದುವನ್ನು ನಿರ್ದಿಷ್ಟ ವೇಗದಲ್ಲಿ ಮುಟ್ಟುವಂತೆ ಮಾಡುವುದಷ್ಟೇ ಕೈಯ ಜವಾಬ್ದಾರಿ. ಇದಕ್ಕೆ ಒಳ್ಳೆಯ ದಾರಿ ಭುಜದಿಂದ ಮೊಣಕೈವರೆಗಿನ ತೋಳನ್ನು ಅಲುಗಿಸದೆ, ಮೊಣಕೈಯಿಂದ ಕೆಳಗಿನ ಭಾಗವನ್ನು ಮಾತ್ರ ತೂಗಿಬಿಡುವುದು. ಟಿಪ್ ಚೆಂಡನ್ನು ಮುಟ್ಟುವಾಗ ಮುಂಗೈ ನೆಲಕ್ಕೆ ನೇರವಾಗಿ, ತೂಗುಬಿಟ್ಟ ಹಾಗೆ ಇರಬೇಕು. ಆ ಸ್ಥಿತಿಯಲ್ಲಿ ಕ್ಯೂ ತನ್ನ ಓಟದ ಅತಿ ಚಪ್ಪಟೆಯಾದ ಭಾಗದಲ್ಲಿರುತ್ತದೆ, ಟಿಪ್ ಮೇಲಕ್ಕಾಗಲಿ ಕೆಳಕ್ಕಾಗಲಿ ಸರಿಯುವುದು ಕನಿಷ್ಠವಾಗಿರುತ್ತದೆ. ಹಿಂದಿನ ಕೈ ಕ್ಯೂವನ್ನು ಬಿಗಿಯಾಗಿ ಹಿಡಿದರೆ ಮುಷ್ಟಿ ಬಿಗಿಯುವ ಆ ಕ್ಷಣದಲ್ಲೇ ಟಿಪ್ ನಾಲ್ಕೈದು ಮಿಲಿಮೀಟರ್ ಏಳುತ್ತದೆ ಅಥವಾ ಬದಿಗೆ ವಾಲುತ್ತದೆ. ಸ್ಪಿನ್‌ನ ಇಡೀ ವ್ಯಾಪ್ತಿಯೇ 14 ಮಿ.ಮೀ. ಇರುವಾಗ ನಾಲ್ಕೈದು ಮಿಲಿಮೀಟರ್ ಎಂದರೆ ಸಣ್ಣ ತಪ್ಪಲ್ಲ. ಇಲ್ಲಿನ ಹಿರಿಯ ಆಟಗಾರರು ಹೊಸ ಹುಡುಗರಿಗೆ ‘ಬಿಗಿ ಹಿಡೀಬ್ಯಾಡ ತಮ್ಮಾ, ಕೋಲು ತಾನೇ ಮುಂದ ಹೋಗ್ತದ’ ಎಂದು ಹೇಳುವುದರಲ್ಲಿ ಈ ಶಾಸ್ತ್ರವೆಲ್ಲ ಅಡಗಿದೆ.

ಟಿಪ್ ಚೆಂಡನ್ನು ಬಿಟ್ಟ ಮೇಲೆ ಕ್ಯೂ ಏನು ಮಾಡಿದರೂ ಚೆಂಡಿಗೆ ತಿಳಿಯುವುದಿಲ್ಲ ಎಂದ ಮೇಲೆ, ಕ್ಯೂವನ್ನು ಚೆಂಡಿನಾಚೆಗೂ ಮುಂದುವರಿಸಬೇಕೆಂದು ಕಲಿಸುವವರೆಲ್ಲ ಯಾಕೆ ಒತ್ತಿ ಹೇಳುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಹೊಡೆತದ ಹಿಂದಿನ ಭಾಗದಲ್ಲಿದೆ. ಮುಟ್ಟಿದೊಡನೆ ನಿಲ್ಲಿಸಬೇಕೆಂದು ಮನಸ್ಸಿನಲ್ಲಿಟ್ಟುಕೊಂಡ ಕೈ ಮುಟ್ಟುವ ಮೊದಲೇ ವೇಗ ತಗ್ಗಿಸತೊಡಗುತ್ತದೆ. ಎಷ್ಟು ತಗ್ಗಿಸಿತು ಎಂಬುದು ಒಂದು ಹೊಡೆತದಿಂದ ಇನ್ನೊಂದಕ್ಕೆ ಬೇರೆಯಾಗುತ್ತದೆ. ಚೆಂಡಿನಾಚೆ ಹದಿನೈದು ಇಪ್ಪತ್ತು ಸೆಂ.ಮೀ. ಸಾಗಬೇಕೆಂದುಕೊಂಡ ಕೈ ಮುಟ್ಟುವ ಗಳಿಗೆಯಲ್ಲಿ ನಿರಾತಂಕವಾಗಿರುತ್ತದೆ. ಮುಂದುವರಿದ ಕ್ಯೂ ಒಂದು ಸಾಕ್ಷಿಯೂ ಹೌದು: ಕೊನೆಯಲ್ಲಿ ಟಿಪ್ ಗುರಿಯ ಗೆರೆಯ ಮೇಲೆಯೇ ನಿಂತಿದ್ದರೆ ಮುಟ್ಟುವಾಗಲೂ ಅದೇ ಗೆರೆಯ ಮೇಲಿತ್ತೆಂದು ನಂಬಬಹುದು. ಹಿಮ್ಮುಖ ಸ್ಪಿನ್‌ಗಾಗಿ ಕೆಳಗೆ ಹೊಡೆಯುವಾಗ ಹಿಂದಿನ ಕೈಯನ್ನು ಎತ್ತಿ ಕ್ಯೂವನ್ನು ಇಳಿಜಾರಾಗಿಸುವುದು ಬಹಳ ಜನರ ರೂಢಿ. ಅದರ ಬದಲು ಮೇಜಿನ ಮೇಲಿನ ಕೈಯ ಬ್ರಿಜ್ಜನ್ನೇ, ಅಂದರೆ ಕ್ಯೂವಿಗೆ ಬೆರಳುಗಳು ಕೊಡುವ ಆಸರೆಯನ್ನೇ ತಗ್ಗಿಸಬೇಕು, ಕ್ಯೂ ಆದಷ್ಟೂ ಅಡ್ಡಮಟ್ಟವಾಗಿರಬೇಕು.

ವೇಗದ ಹಿಡಿತ ತೋಳಿನ ಬಲಕ್ಕಿಂತ ಹೆಚ್ಚಾಗಿ ಕ್ಯೂವನ್ನು ಹಿಂದಕ್ಕೆಳೆಯುವ ಉದ್ದದಲ್ಲಿದೆ. ಮೆಲ್ಲನೆಯ ಹೊಡೆತಕ್ಕೆ ಗಿಡ್ಡ ಬ್ರಿಜ್ (ಬ್ರಿಜ್ ಕೈಗೂ ಬಿಳಿ ಚೆಂಡಿಗೂ ನಡುವೆ ಕಡಿಮೆ ಅಂತರ), ಗಿಡ್ಡ ಹಿಂದೆಳೆತ. ಜೋರಿನ ಹೊಡೆತಕ್ಕೆ ಎರಡೂ ಉದ್ದ. ಲಯ ಮಾತ್ರ ಒಂದೇ. ಉದ್ದಕ್ಕೆ ಹಿಂದೆಳೆದು ಆಮೇಲೆ ಅಳುಕಿ ನಿಧಾನಿಸುವುದು, ಗಿಡ್ಡ ಎಳೆದು ಒಮ್ಮೆಲೇ ಒದೆಯುವುದು, ಇವೆರಡರಲ್ಲೂ ವೇಗ ಅದೃಷ್ಟದ ಪಾಲಾಗುತ್ತದೆ. ಉರುಳುವ ಚೆಂಡು ಸಾಗುವ ದೂರ ವೇಗದ ವರ್ಗಕ್ಕೆ ತಕ್ಕಂತಿರುವುದರಿಂದ ಒಂದು ಸೂಕ್ಷ್ಮವನ್ನು ನೆನಪಿಡಬೇಕು: ಬಿಳಿ ಚೆಂಡು ಅರ್ಧ ದೂರ ಮಾತ್ರ ಹೋಗಬೇಕೆಂದಿದ್ದರೆ ವೇಗವನ್ನು ಅರ್ಧಕ್ಕಿಳಿಸಬಾರದು, ನೂರರಲ್ಲಿ ಎಪ್ಪತ್ತಕ್ಕೆ ಇಳಿಸಬೇಕು, ಅರ್ಧಕ್ಕಿಳಿಸಿದರೆ ಚೆಂಡು ಕಾಲು ದೂರದಲ್ಲೇ ನಿಂತುಬಿಡುತ್ತದೆ. ಸಹಜವಾಗಿ ಉರುಳುತ್ತ ಬಂದ ಬಿಳಿ ಚೆಂಡು ಎದುರಿನದಕ್ಕೆ ನೆಟ್ಟಗೆ ಬಡಿದರೆ, ಕೊನೆಗೆ ಬಿಳಿಯದಕ್ಕೆ ಮೊದಲಿನ ವೇಗದ ಏಳರಲ್ಲಿ ಎರಡು ಭಾಗ, ಬಣ್ಣದ್ದಕ್ಕೆ ಏಳರಲ್ಲಿ ಐದು ಭಾಗ ಉಳಿಯುತ್ತದೆ. ಅಂದರೆ ಬಣ್ಣದ ಚೆಂಡು ಸಾಗಬಹುದಾದ ದೂರದ ಸುಮಾರು ಆರರಲ್ಲಿ ಒಂದು ಭಾಗದಷ್ಟೇ ಬಿಳಿ ಚೆಂಡು ಅದರ ಹಿಂದೆ ಸಾಗುತ್ತದೆ. ಫಾಲೋ, ಅಂದರೆ ಹಿಂಬಾಲಿಸುವ ಹೊಡೆತ ಹೊಡೆದ ಬಿಳಿ ಚೆಂಡು ತಾನೂ ಪಾಕೆಟ್‌ಗೆ ಬಿದ್ದೀತೇ ಎಂದು ಅಂದಾಜಿಸಲು ಈ ಒಂದು ಅನುಪಾತ ಸಾಕು.

ಕೋನದ ಹೊಡೆತಗಳಲ್ಲಿ ಇದೇ ತತ್ತ್ವ ಬೇರೆ ರೂಪದಲ್ಲಿ ಕಾಣುತ್ತದೆ. ಮುಟ್ಟುವಾಗ ಬಿಳಿ ಚೆಂಡಿನಲ್ಲಿ ಮುಮ್ಮುಖ, ಹಿಮ್ಮುಖ ಸ್ಪಿನ್ ಎರಡೂ ಇಲ್ಲದಿದ್ದರೆ ಅದು ಬಣ್ಣದ ಚೆಂಡಿನ ದಾರಿಗೆ 90 ಡಿಗ್ರಿ ಕೋನದಲ್ಲಿ ಹೊರಳುತ್ತದೆ. ಉರುಳುತ್ತ ಬಂದಿದ್ದರೆ ಆ ಗೆರೆಯಲ್ಲಿ ಹೊರಟರೂ ಮುಂದಕ್ಕೆ ಬಾಗುತ್ತದೆ. ಬಣ್ಣದ ಚೆಂಡಿನ ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಎಷ್ಟನ್ನು ಮರೆಮಾಡುವಂತೆ ಬಡಿದರೂ ಅದು ತನ್ನ ಮೊದಲ ದಾರಿಯಿಂದ ತಿರುಗುವ ಕೋನ 30 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ ಎಂಬುದು ಬಹಳ ಉಪಯುಕ್ತ ಸಂಗತಿ, ಏಕೆಂದರೆ ಹಗುರ ಹೊಡೆತಗಳಲ್ಲಿ ಬಹುಪಾಲು ಈ ವರ್ಗಕ್ಕೇ ಸೇರುತ್ತವೆ. ಹಿಮ್ಮುಖ ಸ್ಪಿನ್ ಉಳಿದಿದ್ದರೆ 90 ಡಿಗ್ರಿಯ ಗೆರೆಯಿಂದ ಹಿಂದಕ್ಕೆ ಬಾಗುತ್ತದೆ. ವೇಗ ಹೆಚ್ಚಿದಂತೆಲ್ಲ ಚೆಂಡು ಆ ಗೆರೆಯ ಮೇಲೆ ಇನ್ನಷ್ಟು ದೂರ ಓಡಿ ಆಮೇಲೆ ಬಾಗುವುದರಿಂದ, ಅಡ್ಡಬಂದ ಚೆಂಡೊಂದನ್ನು ತಪ್ಪಿಸಲು ಕೆಲವೊಮ್ಮೆ ಸ್ಪಿನ್ ಬದಲಿಸದೆ ವೇಗವೊಂದನ್ನೇ ಬದಲಿಸಿದರೂ ಕೆಲಸ ಆಗುತ್ತದೆ.

ಬದಿಯ ಸ್ಪಿನ್, ಅಂದರೆ ಸೈಡ್, ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುತ್ತದೆ. ಅವರು ಅದನ್ನು ಕೊನೆಗೆ ಕಲಿಯುವುದು ಲೇಸು. ಬಲಕ್ಕೆ ಹೊಡೆದ ಚೆಂಡು ಎದುರಿನ ಕುಶನ್‌ಗೆ (ಮೇಜಿನ ಅಂಚಿನ ರಬ್ಬರ್ ಪಟ್ಟಿಗೆ) ನೆಟ್ಟಗೆ ಬಡಿದರೆ ಬಲಕ್ಕೆ ಹೊರಳಿ ಬರುತ್ತದೆ. ಇದೇ ಅದರ ಮುಖ್ಯ ಪ್ರಯೋಜನ. ಲಟ್ಟಿಸುವಂತೆ ಉರುಳಿಸುವ ಸ್ಪಿನ್ನನ್ನು ಬಟ್ಟೆ ಬೇಗ ನುಂಗುತ್ತದೆ, ಬುಗುರಿಯ ಹಾಗೆ ನಿಂತಲ್ಲೇ ತಿರುಗುವ ಬದಿಯ ಸ್ಪಿನ್ನನ್ನು ಅಷ್ಟು ಬೇಗ ನುಂಗಲಾರದು, ಆದ್ದರಿಂದ ದೂರದ ಕುಶನ್‌ವರೆಗೂ ಅದು ಬದುಕಿರುತ್ತದೆ. ಆದರೆ ಇದರ ಜೊತೆಗೆ ಮೂರು ವಿಚಲನೆಗಳು ಬರುತ್ತವೆ. ಬಲಕ್ಕೆ ಹೊಡೆದಾಗ ಬಿಳಿ ಚೆಂಡು ಕ್ಯೂವಿನ ದಿಕ್ಕಿನಿಂದ ತುಸು ಎಡಕ್ಕೆ ಸರಿದು ಹೊರಡುತ್ತದೆ. ಇದು ಕ್ಯೂವಿನ ಮುಂತುದಿಯ ಭಾರವನ್ನು ಅವಲಂಬಿಸಿದೆ, ಆದ್ದರಿಂದಲೇ ಒಬ್ಬರ ಕ್ಯೂವಿನಲ್ಲಿ ಕೂತ ಅಂದಾಜು ಪಾರ್ಲರ್‌ನ ಗೋಡೆಗೆ ಒರಗಿಸಿಟ್ಟ ಇನ್ನೊಂದು ಕ್ಯೂವಿನಲ್ಲಿ ತಪ್ಪುತ್ತದೆ. ಕ್ಯೂ ಸ್ವಲ್ಪ ಇಳಿಜಾರಾಗಿದ್ದರೆ ಚೆಂಡು ದಾರಿಯಲ್ಲಿ ಮತ್ತೆ ಬಲಕ್ಕೆ ಬಾಗುತ್ತದೆ, ಮೆಲ್ಲಗೆ ಹೊಡೆದಷ್ಟೂ ಬೇಗ ಬಾಗುತ್ತದೆ. ಕೊನೆಗೆ ಬಣ್ಣದ ಚೆಂಡನ್ನು ಮುಟ್ಟುವಾಗ ಅದನ್ನು ಎಡಕ್ಕೆ ತುಸು ಎಳೆಯುತ್ತದೆ. ಚೆಂಡುಗಳು ಕೊಳೆಯಾಗಿದ್ದಷ್ಟೂ ಈ ಎಳೆತ ಹೆಚ್ಚು. ಎರಡೇ ಡಿಗ್ರಿ ಎಂದರೂ ಒಂದು ಮೀಟರ್ ದೂರದಲ್ಲಿ ಮೂರೂವರೆ ಸೆಂ.ಮೀ. ತಪ್ಪು, ಪಾಕೆಟ್ ತಪ್ಪಿಸಲು ಅಷ್ಟು ಸಾಕು. ನಡುಗೆರೆಯ ಮೇಲೆ ಹೊಡೆದೇ ಸಾಧಿಸಬಹುದಾದಲ್ಲೆಲ್ಲ ಸೈಡ್ ಬೆರೆಸದಿರುವುದು ವಿವೇಕ.

ಅಭ್ಯಾಸಕ್ಕೆ ದುಬಾರಿ ಸಾಮಾನು ಬೇಕಿಲ್ಲ. 9ರಿಂದ 15ರವರೆಗಿನ ಯಾವುದಾದರೂ ಪಟ್ಟೆಯ ಚೆಂಡನ್ನು ಬಿಳಿ ಚೆಂಡಿನ ಜಾಗದಲ್ಲಿಟ್ಟು, ಪಟ್ಟೆ ಬಟ್ಟೆಗೆ ಸಮಾನಾಂತರವಾಗಿ ಅಡ್ಡಲಾಗಿರುವಂತೆ ಹೊಂದಿಸಿ ಹೊಡೆಯಿರಿ. ಹಿಮ್ಮುಖ ಸ್ಪಿನ್ ಸಿಕ್ಕಿದ್ದರೆ ಪಟ್ಟೆ ಹಿಂದಕ್ಕೆ ಮಗುಚುವುದು, ಕರಗಿದಾಗ ಪಟ್ಟೆ ತಿರುಗದೆ ಜಾರುವುದು, ಆಮೇಲೆ ಮುಂದಕ್ಕೆ ಮಗುಚುವುದು ಮೂರೂ ಕಣ್ಣಿಗೇ ಕಾಣುತ್ತವೆ. ಟಿಪ್‌ಗೆ ಹೊಸದಾಗಿ ಚಾಕ್ ಬಳಿದಿದ್ದರೆ ಚೆಂಡಿನ ಮೇಲೆ ಒಂದು ನೀಲಿ ಚುಕ್ಕೆ ಉಳಿಯುತ್ತದೆ. ಪಟ್ಟೆಯ ನಡುವಿನಿಂದ ಅದು ಎಷ್ಟು ದೂರವಿದೆ ಎಂದು ನೋಡಿದರೆ ನೀವು ಮುಟ್ಟಬೇಕೆಂದುಕೊಂಡ ಬಿಂದುವಿಗೂ ನಿಜಕ್ಕೂ ಮುಟ್ಟಿದ ಬಿಂದುವಿಗೂ ಇರುವ ಅಂತರ ಗೊತ್ತಾಗುತ್ತದೆ. ಚುಕ್ಕೆ ಪದೇಪದೇ ಒಂದೇ ಬದಿಗೆ ಬೀಳುತ್ತಿದ್ದರೆ ಹಿಡಿತವನ್ನೋ ನಿಲುವನ್ನೋ ತಿದ್ದಿಕೊಳ್ಳಬೇಕು. ಪ್ರತಿ ಸಲ ಅದನ್ನು ಒರೆಸಿಯೇ ಮುಂದಿನ ಹೊಡೆತ ಹೊಡೆಯಬೇಕು, ಏಕೆಂದರೆ ಎರಡು ಚೆಂಡುಗಳು ಕೂಡುವ ಜಾಗದಲ್ಲಿ ಆ ಪುಡಿ ಸಿಕ್ಕಿಕೊಂಡರೆ ಚೆಂಡು ದಿಕ್ಕು ತಪ್ಪುತ್ತದೆ.

ಇದಾದ ಮೇಲೆ ಬಣ್ಣದ ಚೆಂಡನ್ನು ಪಾಕೆಟ್‌ನ ನೇರಕ್ಕಿಟ್ಟು, ಬಿಳಿ ಚೆಂಡನ್ನು ಮೊದಲು ಒಂದು ಗೇಣು ದೂರದಿಂದ, ಆಮೇಲೆ ಮೂರು ಗೇಣು, ಆಮೇಲೆ ಆರು ಗೇಣು ದೂರದಿಂದ ಹೊಡೆದು, ಮೂರೂ ಕಡೆ ಮುಟ್ಟಿದ ಜಾಗದಲ್ಲೇ ಅದನ್ನು ನಿಲ್ಲಿಸಲು ಪ್ರಯತ್ನಿಸಬೇಕು. ಗೇಣು ದೂರದಲ್ಲಿ ಕೇಂದ್ರಕ್ಕಿಂತ ಕೂದಲೆಳೆಯಷ್ಟು ಕೆಳಗೆ ಹೊಡೆದರೂ ನಿಲ್ಲುತ್ತದೆ. ಆರು ಗೇಣಿನಲ್ಲಿ ಬಹಳ ಕೆಳಗೂ ಹೊಡೆಯಬೇಕು, ವೇಗವೂ ಸೆಕೆಂಡಿಗೆ ಮೂರು ಮೀಟರ್ ಸಮೀಪ ಇರಬೇಕು. ಬಿಳಿ ಚೆಂಡು ಮುಂದಕ್ಕೆ ಹರಿದರೆ ಬಿಂದುವನ್ನು ತಗ್ಗಿಸಬೇಕು ಅಥವಾ ವೇಗ ಹೆಚ್ಚಿಸಬೇಕು, ಹಿಂದಕ್ಕೆ ಬಂದರೆ ಎರಡರಲ್ಲೊಂದನ್ನು ಸಡಿಲಿಸಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೂರೂ ದೂರದಲ್ಲಿ ಚೆಂಡು ನಿಲ್ಲತೊಡಗಿದ ಮೇಲೆ, ಅದೇ ಆರು ಗೇಣಿನಿಂದ ಒಂದು ಗೇಣು ಹಿಂದಕ್ಕೆ ತರುವ ಹೊಡೆತಕ್ಕೆ ಕೈ ಹಾಕಬಹುದು.